ಸೋತವರ ಬಾವುಟ ಅಷ್ಟು ಎತ್ತರಕ್ಕೆ ಏಕೆ? ಅಟ್ಲಾಂಟಾ ಸುತ್ತಲಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಆತ್ಮೀಯ ಕನ್ನಡ ಬಂಧುಗಳೇ,

ಕಳೆದ ತಿಂಗಳು ನಮ್ಮ ಕೂಟದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವರ್ಷದ ವನಭೋಜನವನ್ನು ಎಲ್ಲಿ ಇಟ್ಟುಕೊಳ್ಳುವುದು ಎಂಬ ಮಾತು ಬಂದಾಗ, ಎಂದಿನಂತೆ ಸ್ಟೋನ್ ಮೌಂಟನ್ ಪಾರ್ಕಿನ ಹೆಸರೇ ಮೊದಲು ಕೇಳಿಬಂತು. ನೆರಳಿದೆ, ಕೆರೆಯಿದೆ, ಮಕ್ಕಳಿಗೆ ರೈಲಿದೆ, ಊರಿನಿಂದ ಬಂದ ತಂದೆ ತಾಯಂದಿರನ್ನು ಕರೆದೊಯ್ಯಲು ಅದಕ್ಕಿಂತ ಅನುಕೂಲವಾದ ಜಾಗ ಹತ್ತಿರದಲ್ಲಿ ಮತ್ತೊಂದಿಲ್ಲ. ಆಗ ಇಲ್ಲಿಯೇ ಹುಟ್ಟಿ ಬೆಳೆದ, ಕನ್ನಡವನ್ನು ತಡವರಿಸುತ್ತಲೇ ಆದರೂ ಬಿಡದೆ ಮಾತನಾಡುವ ಹುಡುಗಿಯೊಬ್ಬಳು, ಆ ಪಾರ್ಕಿನಲ್ಲಿ ಹಾರುವ ಕಾನ್ಫೆಡರೇಟ್ ಬಾವುಟಗಳ, ಅಂದರೆ ಅಮೆರಿಕದ ಒಕ್ಕೂಟವನ್ನು ಬಿಟ್ಟು ಕಾನ್ಫೆಡರಸಿ ಎಂಬ ಬೇರೆ ದೇಶ ಕಟ್ಟಹೊರಟಿದ್ದ ದಕ್ಷಿಣದ ರಾಜ್ಯಗಳ ಬಾವುಟಗಳ ವಿಷಯವಾಗಿ ಕೂಟದ ಪರವಾಗಿ ಸರ್ಕಾರಕ್ಕೆ ಒಂದು ಪತ್ರ ಬರೆಯಬಾರದೇ ಎಂದು ಕೇಳಿದಳು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, "ಅದು ಕರಿಯರಿಗೂ ಬಿಳಿಯರಿಗೂ ನಡುವಿನ ಹಳೇ ಜಗಳ ತಾಯಿ, ನಾವು ಹೊಟ್ಟೆಪಾಡಿಗೆ ಬಂದವರು, ನಮಗೇಕೆ ಆ ಉಸಾಬರಿ" ಎಂದರು. ಅಲ್ಲಿಂದ ಮಾತು ಪುಳಿಯೋಗರೆ ಯಾರ ಮನೆಯಿಂದ ಬರಬೇಕು ಎಂಬ ಕಡೆಗೆ ಹೊರಳಿತು. ನಾನೂ ಆ ಸಭೆಯಲ್ಲಿದ್ದೆ, ಬಾಯಿ ತೆರೆಯಲಿಲ್ಲ. ಅಂದು ಆಡಬೇಕಿದ್ದ ಮಾತನ್ನು ಇಂದು ಬರೆಯುತ್ತಿದ್ದೇನೆ. ಸಮಿತಿಯ ಯಾರೊಬ್ಬರ ಮೇಲಿನ ದೂರಾಗಿ ಇದನ್ನು ದಯವಿಟ್ಟು ಓದಬೇಡಿ.

ಈ ಪ್ರಶ್ನೆಯನ್ನು ನನ್ನ ಮುಂದೆ ಮೊದಲು ಇಟ್ಟವರು ನನ್ನ ತಾಯಿ. 2016ರ ಬೇಸಿಗೆಯಲ್ಲಿ ಅವರು ಹಾಸನದಿಂದ ಬಂದಿದ್ದಾಗ ಎಲ್ಲರಂತೆ ನಾನೂ ಅವರನ್ನು ಆ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಸುತ್ತಲಿನ ನೆಲದಿಂದ 825 ಅಡಿ ಮೇಲೆದ್ದಿರುವ ಆ ಒಂಟಿ ಬಂಡೆ ಅವರಿಗೆ ಶ್ರವಣಬೆಳಗೊಳವನ್ನು ನೆನಪಿಸಿತಂತೆ. ಆಗ ಬೆಟ್ಟ ಹತ್ತುವ ದಾರಿಯ ಬುಡದಲ್ಲಿಯೇ, ಹತ್ತುವವರೆಲ್ಲ ಹಾದುಹೋಗುವ ಜಾಗದಲ್ಲಿ, ಕಾನ್ಫೆಡರಸಿಯ ನಾಲ್ಕು ಬಾವುಟಗಳು ಸಾಲಾಗಿ ಹಾರುತ್ತಿದ್ದವು. ಇವು ಯಾವ ದೇಶದವಪ್ಪಾ ಎಂದು ಅಮ್ಮ ಕೇಳಿದರು. ಹಿಂದೆ ಇಲ್ಲಿ ಒಂದು ಅಂತರ್ಯುದ್ಧ ಆಗಿತ್ತು, ಅದರಲ್ಲಿ ಒಂದು ಪಕ್ಷದವರದ್ದು ಎಂದೆ. "ಗೆದ್ದವರದ್ದೋ, ಸೋತವರದ್ದೋ?" ಎಂದರು. ಸೋತವರದ್ದು ಎಂದೆ. "ಸೋತವರ ಬಾವುಟವನ್ನು ಇಷ್ಟು ಎತ್ತರಕ್ಕೆ ಯಾಕೆ ಕಟ್ಟಿದ್ದಾರೆ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹದಿನಾಲ್ಕು ವರ್ಷ ಈ ಜಾರ್ಜಿಯಾ ರಾಜ್ಯದಲ್ಲಿ ಬಾಳಿ, ತೆರಿಗೆ ಕಟ್ಟಿ, ಪೌರತ್ವದ ಪ್ರಮಾಣ ವಚನವನ್ನೂ ತೆಗೆದುಕೊಂಡಿದ್ದವನಿಗೆ ಉತ್ತರ ಗೊತ್ತಿರಲಿಲ್ಲ ಎಂಬುದು ನನಗೆ ನಾಚಿಕೆಯೆನಿಸಿ, ಅಂದಿನಿಂದ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲಿಗೆ ಯುದ್ಧದ ಕಾರಣ. ಈ ಬಾವುಟದ ಪರವಾಗಿ ಮಾತನಾಡುವವರು ಅದು ರಾಜ್ಯಗಳ ಹಕ್ಕಿಗಾಗಿ ನಡೆದ ಯುದ್ಧ ಎನ್ನುವುದನ್ನು ನೀವೂ ಕೇಳಿರುತ್ತೀರಿ. ಯಾವ ಹಕ್ಕು ಎಂದು ಕೇಳಿದರೆ ಆ ಕಾಲದವರೇ ಬರೆದಿಟ್ಟಿರುವ ಉತ್ತರ ಸ್ಪಷ್ಟವಾಗಿದೆ. 1861ರ ಜನವರಿಯಲ್ಲಿ ಜಾರ್ಜಿಯಾ ತಾನು ಒಕ್ಕೂಟವನ್ನು ಬಿಡುವುದಕ್ಕೆ ಕಾರಣ ಕೊಟ್ಟು ಹೊರಡಿಸಿದ ಘೋಷಣೆ, ಕಳೆದ ಹತ್ತು ವರ್ಷಗಳಿಂದ ಗುಲಾಮಗಿರಿಯಿಲ್ಲದ ರಾಜ್ಯಗಳ ಮೇಲೆ ತನಗಿರುವ ದೂರು ಆಫ್ರಿಕನ್ ಗುಲಾಮಗಿರಿಯ ವಿಷಯದ್ದು ಎಂದು ಆರಂಭದಲ್ಲಿಯೇ ಹೇಳುತ್ತದೆ. ಅದೇ ವರ್ಷದ ಮಾರ್ಚ್ 21ರಂದು ಸವಾನಾ ನಗರದಲ್ಲಿ, ಜಾರ್ಜಿಯಾದವರೇ ಆದ ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, ತಮ್ಮ ಹೊಸ ಸರ್ಕಾರದ ಮೂಲೆಗಲ್ಲು ಕಪ್ಪು ಮನುಷ್ಯ ಬಿಳಿಯನಿಗೆ ಸಮಾನನಲ್ಲ ಎಂಬ ತತ್ತ್ವದ ಮೇಲೆ ನಿಂತಿದೆಯೆಂದು ತುಂಬಿದ ಸಭೆಯಲ್ಲಿ ಸಾರಿದರು. 1860ರ ಜನಗಣತಿಯ ಪ್ರಕಾರ ಈ ರಾಜ್ಯದಲ್ಲಿದ್ದ ಸುಮಾರು 10 ಲಕ್ಷ 57 ಸಾವಿರ ಜನರಲ್ಲಿ 4 ಲಕ್ಷ 62 ಸಾವಿರ ಮಂದಿ ಗುಲಾಮರಾಗಿದ್ದರು. ನೂರಕ್ಕೆ ನಲವತ್ತನಾಲ್ಕು. ಅವರನ್ನು ಬಿಟ್ಟು ಜಾರ್ಜಿಯಾದ ಪರಂಪರೆ ಎಂದರೆ ಯಾರ ಪರಂಪರೆ ಎಂದು ಕೇಳುವುದು ಅಪಚಾರವಾಗಲಾರದು.

ಬಾವುಟದ ಕಥೆಯೂ ನಾವು ತಿಳಿದಷ್ಟು ಸರಳವಲ್ಲ. ನಾವೆಲ್ಲ ಕಾನ್ಫೆಡರೇಟ್ ಬಾವುಟವೆಂದು ಗುರುತಿಸುವ, ಕೆಂಪು ನೆಲದ ಮೇಲೆ ನೀಲಿಯ ಓರೆಗೆರೆಗಳ ಅಡ್ಡಪಟ್ಟಿ ಮತ್ತು ಹದಿಮೂರು ನಕ್ಷತ್ರಗಳಿರುವ ಚಿತ್ರ, ಒಂದಿಡೀ ದೇಶದ ಬಾವುಟವಾಗಿ ಎಂದೂ ಇರಲಿಲ್ಲ. ಮೊದಲ ರಾಷ್ಟ್ರಧ್ವಜದಲ್ಲಿ ಮೂರು ಅಗಲವಾದ ಪಟ್ಟಿಗಳೂ ಮೂಲೆಯಲ್ಲಿ ನಕ್ಷತ್ರಗಳ ವೃತ್ತವೂ ಇದ್ದವು. ಅದು ಅಮೆರಿಕದ ಧ್ವಜವನ್ನೇ ಹೋಲುತ್ತಿದ್ದುದರಿಂದ 1861ರ ಜುಲೈನ ಮನಾಸಸ್ ಕದನದ ಹೊಗೆಯಲ್ಲಿ ತಮ್ಮವರಾರು ಎದುರಾಳಿಗಳಾರು ಎಂದು ಸೈನಿಕರಿಗೆ ತಿಳಿಯದೆ ಗೊಂದಲವಾಯಿತು. ಆ ಗೊಂದಲ ತಪ್ಪಿಸಲೆಂದು ರಣರಂಗಕ್ಕಾಗಿ ಮಾಡಿಕೊಂಡ ಗುರುತೇ ಈ ಓರೆಗೆರೆಯ ಬಾವುಟ. 1863ರಲ್ಲಿ ಅದನ್ನು ಬಿಳಿಯ ಬಟ್ಟೆಯ ಮೂಲೆಯಲ್ಲಿ ಇರಿಸಿ ಎರಡನೆಯ ರಾಷ್ಟ್ರಧ್ವಜ ಮಾಡಿದಾಗ, ಸವಾನಾದ ಪತ್ರಿಕಾ ಸಂಪಾದಕ ವಿಲಿಯಂ ಥಾಂಪ್ಸನ್ ಇದು ಬಿಳಿಯರ ಬಾವುಟವೆಂದು ಹೊಗಳಿ ಬರೆದರು. ಅಂದರೆ ಇದಕ್ಕೆ ಜನಾಂಗದ ಅರ್ಥವನ್ನು ನಂತರದವರು ಹಚ್ಚಿದರು ಎಂಬ ಮಾತು ಅರ್ಧ ಮಾತ್ರ ನಿಜ. 1865ರಲ್ಲಿ ಯುದ್ಧ ಮುಗಿದು, ಆರು ಲಕ್ಷಕ್ಕೂ ಹೆಚ್ಚು ಜನ ಸತ್ತು, ಬಾವುಟ ಮಡಿಕೆಯಾಯಿತು. ಆ ಸೈನ್ಯವನ್ನು ನಡೆಸಿದ ರಾಬರ್ಟ್ ಲೀ ಅವರನ್ನು 1869ರಲ್ಲಿ ಗೆಟ್ಟಿಸ್‌ಬರ್ಗ್ ರಣಭೂಮಿಯಲ್ಲಿ ಗುರುತಿನ ಕಲ್ಲುಗಳನ್ನು ನೆಡುವ ಕಾರ್ಯಕ್ಕೆ ಕರೆದಾಗ, ಯುದ್ಧದ ಹುಣ್ಣುಗಳನ್ನು ತೆರೆದಿಡದೆ ಅಂತಃಕಲಹದ ಗುರುತುಗಳನ್ನು ಅಳಿಸುವುದೇ ಜಾಣತನ ಎಂದು ಬರೆದು ಕರೆಯನ್ನು ಒಪ್ಪಲಿಲ್ಲ. ಅದೇ ಲೀಯವರನ್ನು ಆಮೇಲೆ ಕುದುರೆಯ ಮೇಲೆ ಕೂರಿಸಿ ನಮ್ಮ ಬೆಟ್ಟದ ಮೈಮೇಲೆ ಕಡೆದರು. ಅವರನ್ನು ಒಂದು ಮಾತು ಕೇಳಿದ್ದರೆ ಏನೆನ್ನುತ್ತಿದ್ದರೋ.

ಮಡಿಸಿಟ್ಟ ಬಾವುಟ ಮತ್ತೆ ಹೇಗೆ, ಯಾವಾಗ ಏರಿತು ಎಂಬುದರಲ್ಲಿಯೇ ನನ್ನ ತಾಯಿಯ ಪ್ರಶ್ನೆಗೆ ಉತ್ತರವಿದೆ. ಹಳೆಯ ಸೈನಿಕರ ಸಮಾವೇಶಗಳಲ್ಲಿ, ಸಮಾಧಿಗಳ ಬಳಿ ಅದು ಕಾಣಿಸುತ್ತಿತ್ತು ನಿಜ. ರಾಜಕೀಯದ ಬೀದಿಗೆ ಅದು ದೊಡ್ಡದಾಗಿ ಇಳಿದದ್ದು 1948ರಲ್ಲಿ, ಅಧ್ಯಕ್ಷ ಟ್ರೂಮನ್ ನಾಗರಿಕ ಹಕ್ಕುಗಳ ಮಾತೆತ್ತಿದರೆಂದು ಮುನಿದು ಪಕ್ಷದಿಂದ ಹೊರನಡೆದ ದಕ್ಷಿಣದ ನಾಯಕರು ತಮ್ಮದೇ ಅಭ್ಯರ್ಥಿಯಾಗಿ ಸ್ಟ್ರಾಮ್ ಥರ್ಮಂಡ್ ಅವರನ್ನು ನಿಲ್ಲಿಸಿದಾಗ. 1954ರ ಮೇ ತಿಂಗಳಲ್ಲಿ ಶಾಲೆಗಳಲ್ಲಿ ಬಣ್ಣದ ಆಧಾರದ ಮೇಲೆ ಮಕ್ಕಳನ್ನು ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಎರಡೇ ವರ್ಷದೊಳಗೆ, 1956ರಲ್ಲಿ, ಜಾರ್ಜಿಯಾದ ಶಾಸನಸಭೆ ರಾಜ್ಯದ ಧ್ವಜವನ್ನು ಬದಲಿಸಿ ಅದರ ಮೂರನೆಯ ಎರಡು ಭಾಗವನ್ನು ಈ ಯುದ್ಧದ ಬಾವುಟಕ್ಕೆ ಬಿಟ್ಟುಕೊಟ್ಟಿತು. ನಾವು ಏನನ್ನು ಎತ್ತಿಹಿಡಿದಿದ್ದೆವೋ, ಹಿಡಿಯುತ್ತೇವೋ, ಅದಕ್ಕಾಗಿ ಹೋರಾಡುತ್ತೇವೆಂದು ಇದು ಎಲ್ಲರಿಗೂ ತಿಳಿಸುತ್ತದೆ ಎಂದು ಸದನದಲ್ಲಿ ಅದನ್ನು ಸಮರ್ಥಿಸಿದವರು ಡೆನ್ಮಾರ್ಕ್ ಗ್ರೂವರ್ ಎಂಬ ಶಾಸಕರು. ನಲವತ್ತೈದು ವರ್ಷಗಳ ಬಳಿಕ, 2001ರಲ್ಲಿ, ವೃದ್ಧರಾಗಿದ್ದ ಅದೇ ಗ್ರೂವರ್ ಅದೇ ಶಾಸನಸಭೆಯ ಮುಂದೆ ನಿಂತು ಆ ಧ್ವಜವನ್ನು ಇಳಿಸಿರೆಂದು ಕೇಳಿಕೊಂಡರು. ಅಂದಿನ ತಮ್ಮ ಮನಸ್ಸಿನಲ್ಲಿ ಪ್ರತಿಭಟನೆಯ ಹಟವೇ ಇರಲಿಲ್ಲವೆಂದು ಹೇಳಲಾರೆ ಎಂದು ಒಪ್ಪಿಕೊಂಡರು. ಈ ಇಡೀ ಇತಿಹಾಸದಲ್ಲಿ ನನಗೆ ಗೌರವ ಹುಟ್ಟಿಸುವ ಕೆಲವೇ ಗಳಿಗೆಗಳಲ್ಲಿ ಅದೊಂದು.

ಅದೇ ವರ್ಷ ಧ್ವಜ ಬದಲಾಯಿತು. ಆ ಬದಲಾವಣೆಗೆ ತಲೆದಂಡ ತೆತ್ತವರು ಗವರ್ನರ್ ರಾಯ್ ಬಾರ್ನ್ಸ್. 2002ರ ಚುನಾವಣೆಯಲ್ಲಿ ಅವರು ಸೋತದ್ದಕ್ಕೆ ಬಾವುಟದ ಸಿಟ್ಟೂ ಒಂದು ಕಾರಣವಾಗಿತ್ತು. ಅವರು ತಂದ ನೀಲಿ ಧ್ವಜವು ನೋಡಲು ಚೆನ್ನಾಗಿರಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು. ಧ್ವಜಶಾಸ್ತ್ರದ ಸಂಘವೊಂದು ನಡೆಸಿದ ಸಮೀಕ್ಷೆಯಲ್ಲಿ ಅಮೆರಿಕ ಮತ್ತು ಕೆನಡಾಗಳ 72 ಧ್ವಜಗಳ ಪೈಕಿ ಅದಕ್ಕೆ ಕೊನೆಯ ಸ್ಥಾನ ಸಿಕ್ಕಿತ್ತು. 2003ರಲ್ಲಿ ಮತ್ತೊಮ್ಮೆ ಬದಲಾಯಿಸಿ, 2004ರ ಮಾರ್ಚಿನಲ್ಲಿ ಮತದಾರರು ಒಪ್ಪಿದ ಧ್ವಜವೇ ಇಂದು ನಮ್ಮ ಮಕ್ಕಳ ಶಾಲೆಯ ಮುಂದೆ ಹಾರುವುದು. ಮೂರು ಅಗಲವಾದ ಪಟ್ಟಿಗಳು, ಮೂಲೆಯಲ್ಲಿ ನಕ್ಷತ್ರಗಳ ವೃತ್ತ. ಮೇಲೆ ವರ್ಣಿಸಿದ ಕಾನ್ಫೆಡರಸಿಯ ಮೊದಲ ರಾಷ್ಟ್ರಧ್ವಜದ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ. ನಡುವಿನ ರಾಜ್ಯಲಾಂಛನವನ್ನು ಬಿಟ್ಟರೆ ಹೆಚ್ಚಿನ ವ್ಯತ್ಯಾಸ ಕಾಣದು. ಇಪ್ಪತ್ತು ವರ್ಷಗಳಿಂದ ಅದರ ಕೆಳಗೆ ಓಡಾಡುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಯಾರಿಗೂ ಗೊತ್ತಿಲ್ಲದುದರಿಂದಲೇ ಅದು ಯಾರನ್ನೂ ನೋಯಿಸುತ್ತಿಲ್ಲವೇನೋ. ಅದನ್ನು ಇಳಿಸಬೇಕೆಂದು ನಾನು ಕೇಳುತ್ತಿಲ್ಲ. ಒಂದು ಚಿತ್ರವು ಬಟ್ಟೆಯ ಮೇಲೆ ಇರುವುದಕ್ಕಿಂತ ಅದನ್ನು ಹಿಡಿದವರ ಕೈಯಲ್ಲಿ ಹೆಚ್ಚು ಅರ್ಥ ಪಡೆಯುತ್ತದೆ. ಓರೆಗೆರೆಯ ಬಾವುಟವನ್ನು 1956ರ ನಂತರ ಯಾರು ಯಾರು, ಯಾವ ಯಾವ ಕೆಲಸಕ್ಕೆ ಹಿಡಿದರು ಎಂಬುದು ನಮಗೆಲ್ಲ ಗೊತ್ತಿದೆ.

ಈಗ ಬೆಟ್ಟಕ್ಕೆ ಬರುತ್ತೇನೆ. 1915ರ ನವೆಂಬರಿನಲ್ಲಿ ಬಿಳಿಯರೇ ಮೇಲೆಂದು ಸಾರುವ ಕೂ ಕ್ಲಕ್ಸ್ ಕ್ಲಾನ್ ಎಂಬ ಹಂತಕ ಸಂಘಟನೆ ಎರಡನೆಯ ಬಾರಿ ಹುಟ್ಟಿದ್ದು ಇದೇ ಬಂಡೆಯ ನೆತ್ತಿಯ ಮೇಲೆ, ಉರಿಯುವ ಶಿಲುಬೆಯ ಬೆಳಕಿನಲ್ಲಿ. ನಾವು ಚಿತ್ರಾನ್ನದ ಡಬ್ಬಿ ಬಿಚ್ಚುವ ನೆತ್ತಿ ಅದು. 1923ರಲ್ಲಿ ಆರಂಭವಾಗಿ ಹಣವಿಲ್ಲದೆ ನಿಂತುಹೋಗಿದ್ದ ಕೆತ್ತನೆಯ ಕೆಲಸ ದಶಕಗಳ ಕಾಲ ಪಾಳುಬಿದ್ದಿತ್ತು. 1956ರ ಧ್ವಜಕ್ಕೆ ಸಹಿ ಹಾಕಿದ ಗವರ್ನರ್ ಮಾರ್ವಿನ್ ಗ್ರಿಫಿನ್ ಅವರ ಅವಧಿಯಲ್ಲಿಯೇ, 1958ರಲ್ಲಿ, ರಾಜ್ಯ ಸರ್ಕಾರ ಬೆಟ್ಟವನ್ನು ಕೊಂಡುಕೊಂಡಿತು. ಅಲ್ಲಿ ಕಡೆದಿರುವುದು ಕಾನ್ಫೆಡರಸಿಯ ಅಧ್ಯಕ್ಷ ಜೆಫರ್ಸನ್ ಡೇವಿಸ್, ಸೇನಾನಿಗಳಾದ ಲೀ ಮತ್ತು ಜಾಕ್ಸನ್ ಅವರನ್ನು; ಮೂವರಲ್ಲಿ ಒಬ್ಬರೂ ಜಾರ್ಜಿಯಾದವರಲ್ಲ. ಬೆಟ್ಟದ ಮೇಲೆ ಹೇಳಿಕೊಳ್ಳುವಂಥ ಕದನವೂ ನಡೆದಿರಲಿಲ್ಲ. ಆದರೂ 90 ಅಡಿ ಎತ್ತರ, 190 ಅಡಿ ಅಗಲದ ಆ ಕೆತ್ತನೆ 1972ರಲ್ಲಿ, ಅಂದರೆ ಯುದ್ಧ ಮುಗಿದು ನೂರೇಳು ವರ್ಷಗಳಾದ ಮೇಲೆ ಪೂರ್ತಿಯಾಯಿತು. ನನ್ನ ತಾಯಿ ನೋಡಿದ ಬಾವುಟಗಳನ್ನು ಅಲ್ಲಿಗೆ 1964ರಲ್ಲಿ ಕೊಟ್ಟವರು ಕಾನ್ಫೆಡರೇಟ್ ಸೈನಿಕರ ವಂಶದ ಮಹಿಳೆಯರ ಸಂಘದವರು. ಅದಕ್ಕೆ ಒಂದು ವರ್ಷ ಮೊದಲು, 1963ರ ಆಗಸ್ಟಿನಲ್ಲಿ, ಇದೇ ಅಟ್ಲಾಂಟಾದ ಮಗನಾದ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ನಿಂತು, ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲಿಂದಲೂ ಸ್ವಾತಂತ್ರ್ಯದ ದನಿ ಮೊಳಗಲಿ ಎಂದಿದ್ದರು. ಅವರು ಆ ಬೆಟ್ಟದ ಹೆಸರನ್ನು ಸುಮ್ಮನೆ ಎತ್ತಿರಲಿಲ್ಲ. ಬಾವುಟಗಳು ಯಾರಿಗೆ ಉತ್ತರವಾಗಿ ಏರಿದವು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

2021ರ ಮೇ ತಿಂಗಳಲ್ಲಿ ಪಾರ್ಕನ್ನು ನೋಡಿಕೊಳ್ಳುವ ಸ್ಟೋನ್ ಮೌಂಟನ್ ಮೆಮೋರಿಯಲ್ ಅಸೋಸಿಯೇಷನ್ ಆ ಬಾವುಟಗಳನ್ನು ಕಾಲುದಾರಿಯ ಬುಡದಿಂದ ತೆಗೆದು, ಕೆತ್ತನೆಯ ಕೆಳಗಿನ ವ್ಯಾಲರ್ ಪಾರ್ಕ್ ಎಂಬ ಜಾಗಕ್ಕೆ ಸಾಗಿಸಲು ನಿರ್ಧರಿಸಿತು. ಅದು ಸಣ್ಣ ಹೆಜ್ಜೆಯೇನಲ್ಲ. ಅದಕ್ಕಾಗಿ ವರ್ಷಗಟ್ಟಲೆ ದುಡಿದವರಿದ್ದಾರೆ. ಆದರೆ ಹೊಸಲಿನಿಂದ ತೆಗೆದು ಪಡಸಾಲೆಯಲ್ಲಿ ಇಟ್ಟಂತಾಯಿತು. ಅಸೋಸಿಯೇಷನ್‌ನವರನ್ನು ಕೇಳಿದರೆ ಕಾನೂನನ್ನು ತೋರಿಸುತ್ತಾರೆ. ಅವರ ಕೈ ಕಟ್ಟಿರುವುದೂ ನಿಜವೇ: ಈ ಪಾರ್ಕನ್ನು ಕಾನ್ಫೆಡರಸಿಗೆ ತಕ್ಕ ಸ್ಮಾರಕವಾಗಿ ಉಳಿಸಿಕೊಂಡು ಬರಬೇಕೆಂದು ಜಾರ್ಜಿಯಾದ ಶಾಸನದಲ್ಲಿಯೇ ಬರೆದಿದೆ. ಹಾಗಿರುವಾಗ ಆ ಬಾವುಟ ಯಾರೋ ಒಬ್ಬ ಹಟಮಾರಿಯ ಅಂಗಳದ ಬಾವುಟವಾಗಿ ಉಳಿಯುವುದಿಲ್ಲ. ಅದು ಸರ್ಕಾರದ ಮಾತು, ನೀವು ನಾನು ಮತ ಹಾಕಿ ಕಳಿಸಿದವರು ನಮ್ಮ ಹೆಸರಿನಲ್ಲಿ ಆಡುತ್ತಿರುವ ಮಾತು. ಗೇಟಿನಲ್ಲಿ ಕಾರು ನಿಲ್ಲಿಸಲು ನಾವು ಕೊಡುವ 20 ಡಾಲರಿನಲ್ಲಿ ಆ ಕಂಬದ ಹಗ್ಗದ ಪಾಲೂ ಇದೆ.

ಈ ವ್ಯತ್ಯಾಸವನ್ನು ನಾನು ಒತ್ತಿ ಹೇಳಲು ಕಾರಣವಿದೆ. ಬಾವುಟದ ಚರ್ಚೆ ಬಂದಾಗಲೆಲ್ಲ ಖಾಸಗಿ ಮನುಷ್ಯನ ಹಕ್ಕನ್ನೂ ಸರ್ಕಾರದ ಕಂಬವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಎಸೆಯುತ್ತಾರೆ. ತನ್ನ ಮನೆಯ ಮುಂದೆ, ತನ್ನ ಟ್ರಕ್ಕಿನ ಹಿಂದೆ, ಹೆದ್ದಾರಿಯ ಪಕ್ಕದ ತನ್ನ ಜಮೀನಿನಲ್ಲಿ ಒಬ್ಬಾತ ಈ ಬಾವುಟವನ್ನು ಹಾರಿಸಿದರೆ ಅವನನ್ನು ಸರ್ಕಾರ ತಡೆಯುವಂತಿಲ್ಲ, ತಡೆಯಲೂ ಬಾರದು. ರಾಷ್ಟ್ರಧ್ವಜವನ್ನು ಸುಡುವುದೂ ಅಭಿವ್ಯಕ್ತಿಯೇ ಎಂದು 1989ರಲ್ಲಿ ಹೇಳಿದ ನ್ಯಾಯಾಲಯವಿರುವ ದೇಶ ಇದು. ಇಂಥ ರಕ್ಷಣೆಯ ಕೆಳಗೇ ನಮ್ಮ ದೇವಸ್ಥಾನಗಳೂ ನಮ್ಮ ಮೆರವಣಿಗೆಗಳೂ ನೆರೆಹೊರೆಯವರ ಗೊಣಗಾಟವನ್ನು ದಾಟಿ ನಡೆಯುತ್ತಿವೆ. ಆದರೆ ಸರ್ಕಾರ ತಾನೇ ಮಾತನಾಡುವಾಗ ಲೆಕ್ಕ ಬೇರೆ. ಟೆಕ್ಸಾಸಿನಲ್ಲಿ ವಾಹನಗಳ ನಂಬರ್ ಪ್ಲೇಟಿನ ಮೇಲೆ ಈ ಬಾವುಟ ಬೇಕೆಂದು ಕೇಳಿದವರಿಗೆ, ಅದು ಸರ್ಕಾರದ ಮಾತಾದ್ದರಿಂದ ಸರ್ಕಾರ ನಿರಾಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2015ರ ಜೂನ್ 18ರಂದು ಐದಕ್ಕೆ ನಾಲ್ಕು ಮತಗಳಿಂದ ತೀರ್ಪು ಕೊಟ್ಟಿತು. ನಮ್ಮವರು ಮನೆ ಮಾಡಿಕೊಂಡಿರುವ ಆಲ್ಫರೆಟ್ಟಾದಲ್ಲಿಯೇ ಇಂಥದೊಂದು ವ್ಯಾಜ್ಯ ನಡೆದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. 2019ರ ಓಲ್ಡ್ ಸೋಲ್ಜರ್ಸ್ ಡೇ ಮೆರವಣಿಗೆಯಲ್ಲಿ ಕಾನ್ಫೆಡರೇಟ್ ಸೈನಿಕರ ವಂಶಸ್ಥರ ಸಂಘ ಪಾಲ್ಗೊಳ್ಳಬಹುದು, ಆದರೆ ಯುದ್ಧದ ಬಾವುಟ ತರುವಂತಿಲ್ಲ ಎಂದು ನಗರಾಡಳಿತ ಹೇಳಿತು. ಸಂಘದವರು ನ್ಯಾಯಾಲಯಕ್ಕೆ ಹೋದರು. ನಗರವೇ ಹಣ ಕೊಟ್ಟು ನಡೆಸುವ ಮೆರವಣಿಗೆ ನಗರದ್ದೇ ಮಾತು ಎಂದು 2021ರಲ್ಲಿ ಹನ್ನೊಂದನೆಯ ವಲಯದ ಮೇಲ್ಮನವಿ ನ್ಯಾಯಾಲಯ ನಗರದ ಪರವಾಗಿ ತೀರ್ಪಿತ್ತಿತು. ನಾವು ದೀಪಾವಳಿಯ ರಿಯಾಯಿತಿ ಹುಡುಕಿಕೊಂಡು ಓಡಾಡುವ ಬೀದಿಗಳ ವಿಷಯ ಇದು, ಇತಿಹಾಸದ ಪುಸ್ತಕದ್ದಲ್ಲ.

ಟೆಕ್ಸಾಸಿನ ತೀರ್ಪು ಬಂದದ್ದರ ಹಿಂದಿನ ಸಂಜೆ ಏನಾಯಿತೆಂದು ನೆನಪಿಸಿಕೊಳ್ಳಿ. ಚಾರ್ಲ್ಸ್‌ಟನ್ನಿನ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದಿಗೆಂದು ಸೇರಿದ್ದ, ತನ್ನನ್ನು ಆದರದಿಂದ ಕೂರಿಸಿಕೊಂಡಿದ್ದ ಒಂಬತ್ತು ಮಂದಿಯನ್ನು ಒಬ್ಬ ಯುವಕ ಗುಂಡಿಟ್ಟು ಕೊಂದ. ಆತ ಈ ಬಾವುಟವನ್ನು ಹಿಡಿದು ತೆಗೆಸಿಕೊಂಡ ಚಿತ್ರಗಳು ನಂತರ ಬಯಲಾದವು. ಸತ್ತವರಲ್ಲಿ ಒಬ್ಬರಾದ ಪಾದ್ರಿ ಕ್ಲೆಮೆಂಟಾ ಪಿಂಕ್ನಿ ಸೌತ್ ಕ್ಯಾರೊಲಿನಾ ರಾಜ್ಯದ ಶಾಸನಸಭೆಯಲ್ಲಿ ಸೆನೆಟರ್ ಕೂಡ ಆಗಿದ್ದರು. ಅವರಿಗಾಗಿ ರಾಜಧಾನಿ ಕೊಲಂಬಿಯಾದಲ್ಲಿ ದೇಶದ ಧ್ವಜ ಅರ್ಧಕ್ಕೆ ಇಳಿಯಿತು, ರಾಜ್ಯದ ಧ್ವಜ ಅರ್ಧಕ್ಕೆ ಇಳಿಯಿತು, ಶಾಸನಸಭೆಯ ಅಂಗಳದ ಕಾನ್ಫೆಡರೇಟ್ ಬಾವುಟ ಮಾತ್ರ ಪೂರ್ತಿ ಎತ್ತರದಲ್ಲಿ ಹಾರುತ್ತಲೇ ಇತ್ತು, ಏಕೆಂದರೆ ಅದನ್ನು ಮುಟ್ಟಲು ಶಾಸಕರ ಮತವೇ ಬೇಕೆಂದು 2000ದ ಒಪ್ಪಂದದಲ್ಲಿ ಬರೆದಿಟ್ಟಿದ್ದರು. ಜೂನ್ 27ರ ಬೆಳಿಗ್ಗೆ ಬ್ರೀ ನ್ಯೂಸಮ್ ಎಂಬ ಯುವತಿ ಮೂವತ್ತು ಅಡಿಯ ಕಂಬ ಹತ್ತಿ ಅದನ್ನು ಬಿಚ್ಚಿ ತಂದರು. ಪೊಲೀಸರು ಅವರನ್ನು ಬಂಧಿಸಿದರು, ಒಂದು ಗಂಟೆ ಕಳೆಯುವುದರೊಳಗೆ ಬಾವುಟ ಮತ್ತೆ ಏರಿತು. ಕೊನೆಗೆ ಶಾಸನಸಭೆ ಒಪ್ಪಿ, ಗವರ್ನರ್ ನಿಕ್ಕಿ ಹೇಲಿ ಸಹಿ ಹಾಕಿ, ಜುಲೈ 10ರಂದು ಅದನ್ನು ವಿಧಿಪೂರ್ವಕವಾಗಿ ಇಳಿಸಿ ವಸ್ತುಸಂಗ್ರಹಾಲಯಕ್ಕೆ ಒಯ್ದರು.

ನಿಕ್ಕಿ ಹೇಲಿಯವರ ಹೆಸರು ಬಂದಾಗ ನಮ್ಮವರಿಗೆ ಹೆಮ್ಮೆ. ಪಂಜಾಬಿನಿಂದ ಬಂದ ಸಿಖ್ ದಂಪತಿಯ ಮಗಳು ಆ ಕಾಗದಕ್ಕೆ ಸಹಿ ಮಾಡಿದರು ಎಂಬುದು ಹೆಮ್ಮೆಯ ವಿಷಯವೇ. ಆದರೆ ಅದೇ ಹೇಲಿಯವರು 2019ರಲ್ಲಿ, ಆ ಬಾವುಟ ಕೆಲವರಿಗೆ ಸೇವೆ, ತ್ಯಾಗ, ಪರಂಪರೆಯ ಸಂಕೇತವಾಗಿತ್ತು, ಕೊಲೆಗಾರ ಅದನ್ನು ಅಪಹರಿಸಿದ ಎಂದರು; 2023ರ ಡಿಸೆಂಬರಿನಲ್ಲಿ ಅಂತರ್ಯುದ್ಧಕ್ಕೆ ಕಾರಣವೇನೆಂದು ಮತದಾರರೊಬ್ಬರು ಕೇಳಿದಾಗ ಗುಲಾಮಗಿರಿ ಎಂಬ ಶಬ್ದ ಅವರ ಬಾಯಿಯಿಂದ ಬರಲಿಲ್ಲ, ಮರುದಿನ ಟೀಕೆ ಬಂದ ಮೇಲೆ ಬಂತು. ಎಲ್ಲರನ್ನೂ ಸಂಭಾಳಿಸಿಕೊಂಡು ಹೋಗಬೇಕೆಂಬ ಆ ಹಿಂಜರಿಕೆ ನನಗೆ ಚೆನ್ನಾಗಿ ಗೊತ್ತು. ಅದನ್ನೇ ಅಲ್ಲವೇ ನಾವು ಕಳೆದ ತಿಂಗಳ ಸಭೆಯಲ್ಲಿ ಮಾಡಿದ್ದು?

ಇದು ನಮ್ಮ ಜಗಳವಲ್ಲ ಎಂಬ ಮಾತಿಗೆ ನಮ್ಮ ಮಂಗಳೂರಿನ ಹೆಣ್ಣುಮಗಳೊಬ್ಬರು 1941ರಲ್ಲಿಯೇ ಉತ್ತರ ಕೊಟ್ಟಿದ್ದಾರೆ. ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರೈಲಿನಲ್ಲಿ ಪಯಣಿಸುತ್ತಿದ್ದಾಗ, ಬಿಳಿಯರ ಬೋಗಿಯಿಂದ ಏಳಬೇಕೆಂದು ಟಿಕೆಟ್ ಕಲೆಕ್ಟರ್ ಹೇಳಿದ. ಅವರು ಏಳಲಿಲ್ಲ. ಆತ ಹೋಗಿ ಮತ್ತೆ ಬಂದು ನೀವು ಯಾವ ದೇಶದವರು ಎಂದು ಕೇಳತೊಡಗಿದ. ಭಾರತದವಳೆಂದರೆ ಸಾಕು, ಅವರ ಪಾಡಿಗೆ ಅವರನ್ನು ಬಿಟ್ಟು ಹೋಗುವ ದಾರಿ ಅವನಿಗೂ ಸಿಗುತ್ತಿತ್ತು, ಇವರಿಗೂ ಸಿಗುತ್ತಿತ್ತು. ಕಮಲಾದೇವಿಯವರು ಅದರಿಂದ ಏನೂ ವ್ಯತ್ಯಾಸವಿಲ್ಲ, ನಾನು ಬಣ್ಣದ ಹೆಂಗಸೆಂಬುದು ಕಾಣುತ್ತಲೇ ಇದೆ, ಇಲ್ಲಿಂದ ಕದಲುವ ಉದ್ದೇಶ ನನಗಿಲ್ಲ ಎಂಬ ಅರ್ಥದ ಮಾತನ್ನಾಡಿ ಕುಳಿತೇ ಇದ್ದರು. ಆತ ತೆರೆದುಕೊಟ್ಟ ಆ ಹಿಂಬಾಗಿಲಿನಿಂದಲೇ ನಾವು ಇಂದಿಗೂ ಓಡಾಡುತ್ತಿದ್ದೇವೆ ಎಂದು ನನಗನ್ನಿಸುತ್ತದೆ.

ನಮ್ಮ ಮೇಲಿನ ಋಣದ ಲೆಕ್ಕವೂ ಇದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಮಾಜಿ ಸೈನಿಕನಿಗೆ, ಭಾರತೀಯನು ಕಾನೂನಿನ ಅರ್ಥದಲ್ಲಿ ಬಿಳಿಯನಲ್ಲವಾದ್ದರಿಂದ ಪೌರತ್ವವಿಲ್ಲ ಎಂದಿತ್ತು ಈ ದೇಶದ ಸುಪ್ರೀಂ ಕೋರ್ಟ್. 1946ರ ನಂತರವೂ ಭಾರತದಿಂದ ವರ್ಷಕ್ಕೆ ಬರಬಹುದಾಗಿದ್ದವರು ನೂರು ಮಂದಿ ಮಾತ್ರ. ಆ ಬಾಗಿಲು ತೆರೆದದ್ದು 1965ರ ಅಕ್ಟೋಬರಿನ ವಲಸೆ ಕಾಯಿದೆಯಿಂದ. ನಾಗರಿಕ ಹಕ್ಕುಗಳ ಹೋರಾಟಗಾರರು ಬೀದಿಯಲ್ಲಿ ನಾಯಿಗಳಿಗೂ ಲಾಠಿಗಳಿಗೂ ಮೈಯೊಡ್ಡಿ ಬದಲಿಸಿದ ಹವೆಯಲ್ಲಿಯೇ ಆ ಕಾಯಿದೆ ಹುಟ್ಟಿತು. ಸೆನೆಟ್ಟಿನಲ್ಲಿ ಅದನ್ನು ವಿರೋಧಿಸಿದವರಲ್ಲಿ ಹೆಚ್ಚಿನವರು ದಕ್ಷಿಣದವರೇ. ಅದೇ ವರ್ಷದ ಏಪ್ರಿಲಿನಲ್ಲಿ, ಲಿಂಕನ್ ಅವರಿಗೆ ಗುಂಡು ತಗುಲಿ ಸರಿಯಾಗಿ ನೂರು ವರ್ಷ ತುಂಬಿದ ದಿನ, ಸ್ಟೋನ್ ಮೌಂಟನ್ ಪಾರ್ಕ್ ಉದ್ಘಾಟನೆಯಾಗಿತ್ತು. ನಮ್ಮ ವೀಸಾದ ಬೇರು ಎಲ್ಲಿದೆ, ಆ ಕಂಬದ ಬೇರು ಎಲ್ಲಿದೆ ಎಂದು ಒಟ್ಟಿಗೆ ಇಟ್ಟು ನೋಡಿದಾಗ, ಹೊರಗಿನವರ ಜಗಳ ಎಂಬ ಮಾತು ನನ್ನ ನಾಲಿಗೆಗೆ ಬರುವುದಿಲ್ಲ.

ಇನ್ನೊಂದು ಮಾತನ್ನು ಹಿರಿಯರು ಅಂದು ಆಡಿದರು: ಬಾವುಟ ಅಂದರೆ ಏನು, ಒಂದು ತುಂಡು ಬಟ್ಟೆ. ನವೆಂಬರ್ ಬಂದರೆ ಹಳದಿ ಕೆಂಪು ಬಾವುಟ ತಲೆಕೆಳಗಾಗಿ ಕಟ್ಟಿದ್ದಕ್ಕೆ ಸ್ವಯಂಸೇವಕರ ಮೇಲೆ ರೇಗುವ ನಾವು ಈ ಮಾತನ್ನು ಆಡಬಾರದು.

ಬಾವುಟದ ಪರವಾದವರೆಲ್ಲ ದುಷ್ಟರೆಂದು ನಾನು ನಂಬುವುದಿಲ್ಲ. 2014ರ ಜನವರಿ 28ರಂದು ಎರಡಂಗುಲ ಹಿಮಕ್ಕೆ ಇಡೀ ಅಟ್ಲಾಂಟಾ ರಸ್ತೆಯ ಮೇಲೆ ಹೆಪ್ಪುಗಟ್ಟಿ ನಿಂತ ರಾತ್ರಿ, ನನ್ನ ಕಾರು ಇಳಿಜಾರಿನಲ್ಲಿ ಜಾರಿ ಚರಂಡಿಗಿಳಿದಾಗ, ನಿಲ್ಲಿಸಿ ನನ್ನನ್ನು ಮನೆಯವರೆಗೆ ಬಿಟ್ಟವರ ಟ್ರಕ್ಕಿನ ಹಿಂದೆ ಇದೇ ಬಾವುಟದ ಸ್ಟಿಕ್ಕರ್ ಇತ್ತು. ನಾಲ್ಕು ಗಂಟೆಯ ಆ ದಾರಿಯಲ್ಲಿ ಅವರು ತಮ್ಮ ಮುತ್ತಜ್ಜನ ತಂದೆಯ ಕಥೆ ಹೇಳಿದರು: ಗುಲಾಮರಿರಲಿ, ಸ್ವಂತಕ್ಕೆ ಎರಡನೆಯ ಹೇಸರಗತ್ತೆಯೂ ಇಲ್ಲದಿದ್ದ ರೈತ, ಕಡ್ಡಾಯವಾಗಿ ಸೈನ್ಯಕ್ಕೆ ಹೋಗಿ ಭೇದಿ ರೋಗದಿಂದ ಸತ್ತವನು. ಆ ಸಾವು ಸುಳ್ಳಲ್ಲ, ಅದಕ್ಕೆ ಅಳುವ ಹಕ್ಕು ಅವರಿಗಿದೆ. ಮೂರು ಸಾವಿರಕ್ಕೂ ಹೆಚ್ಚು ಸೈನಿಕರು ಮಲಗಿರುವ ಮರಿಯೆಟ್ಟಾದ ಕಾನ್ಫೆಡರೇಟ್ ಸ್ಮಶಾನದಲ್ಲಿ ಅವರ ಮನೆಯವರು ವರ್ಷಕ್ಕೊಮ್ಮೆ ಒಂದು ಚಿಕ್ಕ ಬಾವುಟ ನೆಟ್ಟು ಬರುತ್ತಾರಂತೆ. ಅದನ್ನು ಯಾರೂ ಕೀಳಬಾರದು. ಸಮಾಧಿಯ ಬಳಿಯ ಆ ಗೇಣುದ್ದದ ಬಾವುಟಕ್ಕೂ, ಬದುಕಿರುವವರು ದಿನವೂ ತಲೆಯೆತ್ತಿ ನೋಡಲೇಬೇಕಾದ ಸರ್ಕಾರಿ ಕಂಬಕ್ಕೂ ನಡುವೆ ಇರುವ ದೂರವನ್ನು ಅವರಿಗೆ ಹೇಳಬೇಕೆಂದುಕೊಂಡೆ. ಹೀಟರಿನ ಬಿಸಿ, ಅವರು ಕೊಟ್ಟ ಕಾಫಿ, ಆ ಉಪಕಾರದ ಭಾರ, ಹೇಳಲಿಲ್ಲ. ಹೇಳಿದ್ದರೂ ಅವರು ನನ್ನನ್ನು ಹಿಮದಲ್ಲಿ ಇಳಿಸುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಹಾಗಾದರೆ ಏನು ಮಾಡಬೇಕು? 126 ವರ್ಷ ತನ್ನ ಧ್ವಜದಲ್ಲಿ ಈ ಗುರುತನ್ನು ಹೊತ್ತಿದ್ದ, 2001ರ ಜನಮತದಲ್ಲಿ ಅದನ್ನೇ ಉಳಿಸಿಕೊಂಡಿದ್ದ ಮಿಸಿಸಿಪ್ಪಿಯೇ 2020ರ ಜೂನಿನಲ್ಲಿ ಅದನ್ನು ಕೈಬಿಟ್ಟು, ನವೆಂಬರಿನಲ್ಲಿ ಮ್ಯಾಗ್ನೋಲಿಯಾ ಹೂವಿನ ಧ್ವಜವನ್ನು ಮತ ಹಾಕಿ ಒಪ್ಪಿಕೊಂಡಿತು. ಮಾಡಿದವರು ಶಾಸಕರು, ಮಾಡಿಸಿದವರು ಅವರಿಗೆ ಪತ್ರ ಬರೆದ, ದೂರವಾಣಿ ಮಾಡಿದ ಪಾದ್ರಿಗಳು, ವ್ಯಾಪಾರಿಗಳು, ಫುಟ್‌ಬಾಲ್ ಆಟಗಾರರು. ನಮ್ಮ ರಾಜ್ಯದಲ್ಲಿಯೂ ಕೀಲಿಕೈ ಶಾಸನಸಭೆಯ ಬಳಿಯೇ ಇದೆ. 2023ರಲ್ಲಿ ಅದೇ ಸಭೆ, ಬೆಟ್ಟದ ಪೂರ್ತಿ ಚರಿತ್ರೆಯನ್ನು ಹೇಳುವ ಪ್ರದರ್ಶನಾಲಯಕ್ಕೆಂದು 1 ಕೋಟಿ 10 ಲಕ್ಷ ಡಾಲರ್ ಕೊಟ್ಟಿದೆ. ಬಾವುಟಗಳು ಹೋಗಬೇಕಾದ ಜಾಗ ಅದೇ: ಸೂರಿನ ಕೆಳಗೆ, ಗಾಜಿನ ಹಿಂದೆ, ಯಾರು ಹೊಲಿದರು, ಯಾರು ಕಟ್ಟಿದರು, 1915ರಲ್ಲಿ ನೆತ್ತಿಯ ಮೇಲೆ ಏನಾಯಿತು ಎಂಬ ವಿವರದೊಂದಿಗೆ. ಅವನ್ನು ನಾಶ ಮಾಡಿರೆಂದು ನಾನು ಕೇಳುತ್ತಿಲ್ಲ. ನಮ್ಮ ಮಕ್ಕಳು ಅವನ್ನು ನೋಡಲೇಬೇಕು.

ನಿಮ್ಮಲ್ಲಿ ಪೌರತ್ವ ಪಡೆದವರು ನಿಮ್ಮ ಕ್ಷೇತ್ರದ ಶಾಸಕರಿಗೆ ಎರಡು ಕೋರಿಕೆಗಳ ಒಂದು ಪತ್ರ ಬರೆಯಬೇಕೆಂದು ಬೇಡುತ್ತೇನೆ. ಪಾರ್ಕನ್ನು ಕಾನ್ಫೆಡರಸಿಯ ಸ್ಮಾರಕವಾಗಿ ಉಳಿಸಬೇಕೆಂಬ ವಾಕ್ಯವನ್ನು ಶಾಸನದಿಂದ ತೆಗೆಯಲಿ. ಬಾವುಟಗಳನ್ನು ಪ್ರದರ್ಶನಾಲಯದ ಒಳಕ್ಕೆ ಒಯ್ಯಲು ಅಸೋಸಿಯೇಷನ್‌ಗೆ ಅಧಿಕಾರ ಕೊಡಲಿ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿರುವವರ ಅಳುಕು ನನಗೆ ತಿಳಿಯದ್ದಲ್ಲ, ಅದೇ ಸಾಲಿನಲ್ಲಿ ಹನ್ನೊಂದು ವರ್ಷ ನಿಂತವನು ನಾನು. ಅವರನ್ನು ನಾನು ಒತ್ತಾಯಿಸುವುದಿಲ್ಲ. ಉಳಿದವರಿಗೆ ಆ ನೆವ ಇಲ್ಲ. ಕರಡು ಪತ್ರವನ್ನು ಆ ದಿನ ಸಭೆಯಲ್ಲಿ ಪ್ರಶ್ನೆ ಕೇಳಿದ ಹುಡುಗಿಯೇ ಇಂಗ್ಲಿಷಿನಲ್ಲಿ ಬರೆದಿದ್ದಾಳೆ, ನಾನು ಒಂದೆರಡು ಇಸವಿಗಳನ್ನು ಸರಿಪಡಿಸಿದ್ದು ಬಿಟ್ಟರೆ ಅದು ಪೂರ್ತಿ ಅವಳದೇ.

ವನಭೋಜನಕ್ಕೆ ನಾನೂ ಬರುತ್ತೇನೆ, ಪುಳಿಯೋಗರೆ ನಮ್ಮ ಮನೆಯದೇ ಎಂದು ಈಗಾಗಲೇ ನಿಶ್ಚಯವಾಗಿದೆ. ಊಟದ ನಂತರ ಆಸಕ್ತಿಯಿರುವವರು ವ್ಯಾಲರ್ ಪಾರ್ಕಿನವರೆಗೆ ನಡೆದು ಹೋಗೋಣ. ಆ ಹುಡುಗಿ ಕರಡಿನ ಪ್ರತಿಗಳನ್ನು ತರುತ್ತಾಳೆ, ನಾನು ಪೆನ್ನುಗಳನ್ನು ತರುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಕೂಟದ ಒಬ್ಬ ಹಳೆಯ ಸದಸ್ಯ